ಗ್ರಾಫೈಟಿನ ಕನ್ನಡ

ಕೊಟ್ಟೂರಿನ ಕಾಲೇಜಿಗೆ ಭಾಷಣಕ್ಕೆ ಬರುವ ಡಾಕ್ಟರರ ಇಂಗ್ಲಿಷನ್ನು ಮಾತು ಮಾತಿಗೂ ಕನ್ನಡ ಮಾಡಿ ಹೇಳಬೇಕು ಎಂದು ಪ್ರಿನ್ಸಿಪಾಲರು ಕೇಳಿದಾಗ, ಅವರು ಬಾಯಿ ಮುಚ್ಚುವ ಮುಂಚೆಯೇ ಒಪ್ಪಿಕೊಂಡುಬಿಟ್ಟದ್ದನ್ನು ನೆನೆದರೆ ಗಾಳೆಪ್ಪನಿಗೆ ಈಗಲೂ ನಾಲಗೆ ಕಹಿಯಾಗುತ್ತಿತ್ತು. ಒಪ್ಪದೆ ಇರಬಹುದಿತ್ತು. ಗಂಟಲು ಕಟ್ಟಿದೆ ಎನ್ನಬಹುದಿತ್ತು, ಕೂಡ್ಲಿಗಿಯಲ್ಲಿ ನೆಂಟರ ಮದುವೆ ಇದೆ ಎನ್ನಬಹುದಿತ್ತು. 'ಆಯ್ತು ಸರ್' ಎಂದ ತನ್ನ ದನಿಯಲ್ಲಿ ವಿಧೇಯತೆ ಎಷ್ಟು ನಯವಾಗಿ ಬೆರೆತಿತ್ತೆಂದರೆ, ಅದರ ಕೆಳಗೆ ಬೇರೆಯದೇನೋ ಇದೆ ಎಂಬುದು ಪ್ರಿನ್ಸಿಪಾಲರಿಗಿರಲಿ, ಆ ಗಳಿಗೆಯಲ್ಲಿ ಅವನಿಗೂ ಗೊತ್ತಾಗಲಿಲ್ಲ. ಗೊತ್ತಾದದ್ದು ಆಮೇಲೆ, ತಾನು ಮೇಷ್ಟ್ರಾಗಿದ್ದ ಆ ಕಾಲೇಜಿನ ಲ್ಯಾಬಿನ ತೊಟ್ಟಿಯ ಮುಂದೆ ಬೀಕರು ತೊಳೆಯುತ್ತ ನಿಂತಿದ್ದಾಗ. ಡಾಕ್ಟರ್ ಚಿಗಟೇರಿ ಬರುತ್ತಾನೆ. ಕೊಟ್ಟೂರಿನಲ್ಲಿ ಅವನಿಗೆ ನಾಲಗೆ ಇರುವುದಿಲ್ಲ. ಅವನ ನಾಲಗೆ ನಾನಾಗಿರುತ್ತೇನೆ. ನೀರು ಬೀಕರಿನಿಂದ ಉಕ್ಕಿ ತೋಳಿನವರೆಗೂ ಇಳಿಯುತ್ತಿದ್ದರೂ ಅವನು ನಲ್ಲಿ ನಿಲ್ಲಿಸಿರಲಿಲ್ಲ.

ಇವತ್ತು ಬೆಳಿಗ್ಗೆ ಕನ್ನಡಿಯ ಮುಂದೆ ಗಡ್ಡ ಹೆರೆದುಕೊಳ್ಳುವಾಗಲೂ ಅವನು ಪದಗಳನ್ನು ಹುಡುಕುತ್ತಿದ್ದ. ನ್ಯೂಟ್ರಾನಿಗೆ ನ್ಯೂಟ್ರಾನೇ ಇರಲಿ. ಗ್ರಾಫೈಟಿಗೆ, ಪೆನ್ಸಿಲಿನೊಳಗಿನ ಕರಿ ಕಡ್ಡಿ ಎಂದರೆ ಸಾಕು. ಮೋಸಕ್ಕೆ, ಹೇಡಿತನಕ್ಕೆ ಕನ್ನಡದಲ್ಲಿ ಪದಗಳಿಗೇನೂ ಕೊರತೆಯಿಲ್ಲ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅವ್ವ ಹುಲುಗಮ್ಮ ಕೈ ನಿಲ್ಲಿಸದೆ ಕೇಳಿದಳು.

"ಬರಾವ್ರು ಸೂಜಿ ಮಾಡೋ ಡಾಕ್ಟರೇನು?"

"ಅಲ್ಲಬೇ. ಅಣುಶಕ್ತಿ ಡಾಕ್ಟರು."

"ಯಾಕ, ಅಣುಶಕ್ತಿಗೆ ಏನು ಜಡ್ಡಾಗೈತಿ?"

ಅವನು ನಕ್ಕ ರಭಸಕ್ಕೆ ಬ್ಲೇಡು ಗದ್ದದ ಮೇಲೆ ಗೀರಿತು. "ಅಣು ಒಡೆಯೋ ಭಟ್ಟ್ಯಾಗ ಕರಿ ದಿಮ್ಮಿ ಒಟ್ಟಿರ್ತಾರಬೇ. ಕಣ ಬಡದು ಬಡದು ಅವಕ್ಕ ಜಡ್ಡು ಬರ್ತೈತಿ. ಅದನ್ನ ನೋಡಾವ್ರು."

"ನೀನೂ ಅದನ್ನೇ ನೋಡ್ತಿದ್ದೆಲ್ಲ. ನನ್ನ ಸಲುವಾಗಿ ಬಿಟ್ಟು ಬಂದಿ, ನನ್ನಪ್ಪ."

ಅವ್ವ ಒಬ್ಬಳೇ ಆಗುತ್ತಾಳೆಂದು ಬೊಂಬಾಯಿಯ ಕೆಲಸ ಬಿಟ್ಟು ಬಂದೆ ಎಂದು ಅವನು ಒಂದು ಸಲ ಹೇಳಿದ್ದ ಸುಳ್ಳನ್ನು ಅವಳು ಮಂಡಕ್ಕಿ ಭಟ್ಟಿಯಲ್ಲಿ ಜೊತೆಗೆ ದುಡಿಯುವ ಹೆಂಗಸರಿಗೆಲ್ಲ ಹೇಳಿ, ಅವರು ಓಣಿಗೆಲ್ಲ ಹೇಳಿ, ಈಗ ಅದು ಅವನಿಗಿಂತ ಹೆಚ್ಚು ಗಟ್ಟಿಯಾಗಿ ಊರಲ್ಲಿ ನಿಂತಿತ್ತು. ಇಂಥ ಮಗನನ್ನು ಹಡೆಯಬೇಕು ಎಂದು ಯಾರಾದರೂ ಅಂದರೆ, ಬಾಣಲೆಯ ಬಿಸಿ ಮರಳು ಬೆನ್ನ ಮೇಲೆ ಸುರಿದ ಹಾಗಾಗುತ್ತಿತ್ತು. "ನೀನೂ ಬಾ ಇವತ್ತು ಕಾಲೇಜಿಗೆ" ಎಂದ. ಯಾಕೆ ಕರೆದೆನೆಂದು ಅವನಿಗೇ ತಿಳಿಯಲಿಲ್ಲ. ಕೊಲೆ ಮಾಡುವವನಿಗೂ ಒಬ್ಬ ಸಾಕ್ಷಿ ಇರಲಿ ಎನಿಸುತ್ತದೇನೋ.

ಬೊಂಬಾಯಿಯ ಆ ಕೋಣೆಯಲ್ಲಿ ಕಿಟಕಿ ಇರಲಿಲ್ಲ. ರಿಯಾಕ್ಟರಿನೊಳಗೆ ಬಹಳ ಕಾಲ ಇದ್ದು ಬಂದ ದಿಮ್ಮಿಗಳಿಂದ ಕೊರೆದು ತೆಗೆದ ಬೆರಳುದ್ದದ ಕಡ್ಡಿಗಳನ್ನು ಅಳೆಯುವುದು ಗಾಳೆಪ್ಪನ ಕೆಲಸ. ಹೊರಗಿನಿಂದ ಅವುಗಳಿಗೆ ಏನೂ ಆಗಿರುವುದಿಲ್ಲ. ಅದೇ ಕಪ್ಪು, ಅದೇ ಮಂಕು ಹೊಳಪು. ಒಳಗೆ ಮಾತ್ರ ಹಾಳೆಯ ಮೇಲೆ ಹಾಳೆ ಇಟ್ಟಂತಿರುವ ಪದರಗಳಲ್ಲಿ ನ್ಯೂಟ್ರಾನು ಬಂದು ಬಡಿದಲ್ಲೆಲ್ಲ ಒಂದೊಂದು ಪರಮಾಣು ತನ್ನ ಜಾಗದಿಂದ ಕಿತ್ತು ಹೋಗಿ, ಎರಡು ಪದರಗಳ ನಡುವೆ ಸಿಕ್ಕಿಹಾಕಿಕೊಂಡಿರುತ್ತದೆ. ಬಿಟ್ಟು ಬಂದ ಜಾಗ ಖಾಲಿಯೇ ಉಳಿಯುತ್ತದೆ. ಕಡ್ಡಿ ಒಂದು ದಿಕ್ಕಿನಲ್ಲಿ ಉಬ್ಬುತ್ತದೆ, ಇನ್ನೊಂದು ದಿಕ್ಕಿನಲ್ಲಿ ಕುಗ್ಗುತ್ತದೆ, ಮೊದಲು ಸಲೀಸಾಗಿ ಹರಿಯುತ್ತಿದ್ದ ಶಾಖ ಈಗ ತಡವರಿಸುತ್ತದೆ. ಸಿಕ್ಕಿಬಿದ್ದ ಒಂದೊಂದು ಪರಮಾಣುವಿನ ಸುತ್ತಲೂ ಖರ್ಚಾಗದ ಒಂದಿಷ್ಟು ಶಕ್ತಿ ಬಿಗಿದುಕೊಂಡು ಕೂತಿರುತ್ತದೆ. ಕಡ್ಡಿಯನ್ನು ಕಾಯಿಸಿದರೆ ಪರಮಾಣುಗಳು ಸಡಿಲಾಗಿ ಖಾಲಿ ಜಾಗಗಳಿಗೆ ಮರಳುತ್ತವೆ, ಶಕ್ತಿ ಶಾಖವಾಗಿ ಹೊರಬರುತ್ತದೆ. ಆದರೆ ನಿಧಾನವಾಗಿ ಕಾಯಿಸಬೇಕು. ಇಂಗ್ಲೆಂಡಿನಲ್ಲಿ ಐವತ್ತೇಳನೆಯ ಇಸವಿಯಲ್ಲಿ ಹೀಗೆ ಶಕ್ತಿಯನ್ನು ಬಿಡಿಸಲು ಹೋಗಿ ರಿಯಾಕ್ಟರಿಗೇ ಬೆಂಕಿ ಹತ್ತಿದ್ದನ್ನು ಆ ಕೋಣೆಗೆ ಬರುವ ಹೊಸಬರಿಗೆಲ್ಲ ಮೊದಲ ದಿನವೇ ಹೇಳುತ್ತಿದ್ದರು. ಹೇಳುತ್ತಿದ್ದವನು ಚಿಗಟೇರಿಯೇ. ಹರಪನಹಳ್ಳಿ ತಾಲೂಕಿನ ಚಿಗಟೇರಿಯ ಉಜ್ಜಿನಪ್ಪ ಬೊಂಬಾಯಿಯಲ್ಲಿ ಊರಿನ ಹೆಸರನ್ನೇ ಅಡ್ಡಹೆಸರು ಮಾಡಿಕೊಂಡು ಡಾಕ್ಟರ್ ಚಿಗಟೇರಿ ಆಗಿದ್ದ. ಗಾಳೆಪ್ಪನ ಊರು ಕೂಡ್ಲಿಗಿಯ ಹೊಸಹಳ್ಳಿ ಎಂದು ಕೇಳಿದಾಗ, ಯಾವ ಓಣಿ ಎಂದು ಒಂದೇ ಪ್ರಶ್ನೆ ಕೇಳಿ ಸುಮ್ಮನಾಗಿದ್ದ. ಆಮೇಲೆ ಅವರಿಬ್ಬರ ನಡುವೆ ಇಂಗ್ಲಿಷೇ.

ಕಡ್ಡಿ ಕಾಯಿಸುವ ಕುಲುಮೆಯ ಪಕ್ಕದಲ್ಲಿ ಎರಡು ಮುಳ್ಳುಗಳಿದ್ದವು. ಒಂದು ಕುಲುಮೆಯ ಕಾವು ತೋರಿಸುವುದು, ಇನ್ನೊಂದು ಕಡ್ಡಿಯ ಕಾವು. ಕಡ್ಡಿಯ ಮುಳ್ಳು ಯಾವಾಗಲೂ ಯಜಮಾನನ ಹಿಂದೆ ಬರುವ ಆಳಿನಂತೆ ಒಂದೆರಡು ಗೆರೆ ಹಿಂದೆಯೇ ಇರಬೇಕು. ಆ ದಿನ ಯಾರೋ ದೊಡ್ಡವರು ಕೋಣೆ ನೋಡಲು ಬರುವವರಿದ್ದರು, ಅಷ್ಟರೊಳಗೆ ಗ್ರಾಫು ಮುಗಿದಿರಬೇಕೆಂದು ಚಿಗಟೇರಿ ಕಾವಿನ ಗುಂಡಿಯನ್ನು ತಿರುಗಿಸಿದ. "ನಿಧಾನ ಸರ್" ಎಂದ ಗಾಳೆಪ್ಪ. "ಸುಮ್ಮನಿರಲೇ" ಎಂದ ಚಿಗಟೇರಿ. ಎಷ್ಟು ವರ್ಷಗಳ ಮೇಲೆ ಅವನ ಬಾಯಿಂದ ಕನ್ನಡ! ಗಾಳೆಪ್ಪನಿಗೆ ಕ್ಷಣಕಾಲ ಅದರ ಅರ್ಥಕ್ಕಿಂತ ಮೊದಲು ಅದರ ಸದ್ದೇ ಹಿತವೆನಿಸಿ, ಆ ಹಿತಕ್ಕಾಗಿ ಅವನು ತನ್ನನ್ನು ಇನ್ನೂ ಕ್ಷಮಿಸಿಕೊಂಡಿರಲಿಲ್ಲ. ಅಷ್ಟರಲ್ಲಿ ಕಡ್ಡಿಯ ಮುಳ್ಳು ಕುಲುಮೆಯ ಮುಳ್ಳನ್ನು ಮುಟ್ಟಿತು, ದಾಟಿತು, ದಾಟಿ ಓಡತೊಡಗಿತು. ಕಡ್ಡಿಯಿದ್ದ ಗಾಜಿನ ಕೊಳವೆ ಟಪ್ಪೆಂದು ಒಡೆಯಿತು. ಕರಿ ಪುಡಿ ಹೊಗೆಯ ಹಾಗೆ ಎದ್ದಾಗ ಬಾಗಿಲ ಹತ್ತಿರ ಇದ್ದವನು ಚಿಗಟೇರಿ, ಪುಡಿಯೊಳಗೆ ಕೈ ಹಾಕಿ ಸ್ವಿಚ್ಚು ಆರಿಸಿದವನು ಗಾಳೆಪ್ಪ. ಅವನ ಬಟ್ಟೆಯನ್ನು ಇಕ್ಕಳದಿಂದ ಎತ್ತಿ ಡಬ್ಬದಲ್ಲಿ ಹಾಕಿದರು. ಬೆತ್ತಲೆ ನಿಲ್ಲಿಸಿ ಬ್ರಷ್ಷಿನಿಂದ ತಿಕ್ಕಿದರು, ತಿಕ್ಕಿದ ಮೇಲೆ ವಿಕಿರಣ ಕಂಡರೆ ಕಟಕಟ ಅನ್ನುವ ಯಂತ್ರ ಹಿಡಿದರು, ಇನ್ನೂ ಕಟಕಟ ಅಂದಿತು, ಮತ್ತೆ ತಿಕ್ಕಿದರು. ಎಲ್ಲರೂ ದೂರ ನಿಂತು ಮಾತಾಡಿಸಿದರು. ದೂರ ನಿಂತು ಮಾತಾಡಿಸುವುದು ಅವನಿಗೆ ಹೊಸದಾಗಿರಲಿಲ್ಲ. ಅದಕ್ಕೊಂದು ಯಂತ್ರ ಇರುವುದು ಮಾತ್ರ ಹೊಸದಾಗಿತ್ತು. ಸಹಾಯಕನ ಅಜಾಗರೂಕತೆ ಎಂದು ತೀರ್ಮಾನವಾಯಿತು. ಚಿಗಟೇರಿ ಹೇಳಿದ್ದನ್ನು ಕೇಳಿದರು. ಗಾಳೆಪ್ಪ ಹೇಳಿದ್ದನ್ನೂ ಕೇಳಿದರು, ಮಧ್ಯೆ ಮಧ್ಯೆ ತಲೆದೂಗುತ್ತ, ಅವನ ಇಂಗ್ಲಿಷನ್ನು ತಿದ್ದುತ್ತ.

ತಾನೂ ಆ ಕಡ್ಡಿಯ ಹಾಗೇ ಎಂದು ಎಷ್ಟೋ ಸಲ ಅನಿಸಿ, ಮರುಗಳಿಗೆಯೇ ಆ ಹೋಲಿಕೆಗೆ ಅವನು ನಾಚುತ್ತಿದ್ದ. ಹೋಲಿಕೆಗಳು ಸೋತವರ ಆಸ್ತಿ. ಗ್ರಾಫೈಟಿಗೆ ದ್ವೇಷವಿಲ್ಲ. ಯಾವ ನ್ಯೂಟ್ರಾನು ತನ್ನನ್ನು ಬಡಿಯಿತೆಂದು ಅದು ಹೆಸರು ಹಿಡಿದು ಹೇಳಲಾರದು. ಅವನು ಹೇಳಬಲ್ಲ.

ಕಾಲೇಜಿನ ಹಾಲಿನಲ್ಲಿ ಮೈಕಿನ ಮಸ್ತಾನಸಾಬ ಆಂಪ್ಲಿಫೈಯರಿನ ಮುಂದೆ ಕುಕ್ಕರುಗಾಲಲ್ಲಿ ಕೂತು ವೈರು ಕಚ್ಚಿ ಸುಲಿಯುತ್ತಿದ್ದ. ಗಾಳೆಪ್ಪನನ್ನು ಕಂಡು ವೈರು ಉಗಿದು ಹೇಳಿದ.

"ಬರ್ರಿ ಮೇಷ್ಟ್ರೇ. ಎರಡು ಮೈಕ್ ಇಟ್ಟೀನಿ. ಒಂದು ಇಂಗ್ಲೀಷಿಗೆ, ಒಂದು ನಿಮಗ. ನಿಮ್ದು ಒಂದೀಟು ಜೋರಿಟ್ಟೀನಿ. ಇಂಗ್ಲೀಷು ಜೋರಿಟ್ರ ಯಾರಿಗೇನು ಫಾಯ್ದಾ?"

"ಡಾಕ್ಟರು ಸಿಟ್ಟಾದ್ರ?"

"ಮಷೀನ್ ಹಂಗೈತಿ ಅಂತೀನಿ. ಮಷೀನಿನ ಮ್ಯಾಲೆ ಯಾರು ಸಿಟ್ಟಾಕ್ಕಾರ?"

ಕಾರು ಬಂತು. ಹುಟ್ಟೂರಿನಲ್ಲಿ ಬೆಳಿಗ್ಗೆ ಆದ ಸನ್ಮಾನದ ಕುಂಕುಮ ಇನ್ನೂ ಚಿಗಟೇರಿಯ ಹಣೆಯಲ್ಲಿತ್ತು. ಕೂದಲು ಬೆಳ್ಳಗಾಗಿದ್ದು ಅವನಿಗೆ ಒಪ್ಪುತ್ತಿತ್ತು ಎಂಬುದೇ ಗಾಳೆಪ್ಪನಿಗೆ ಅನ್ಯಾಯವಾಗಿ ಕಂಡಿತು. ತನ್ನನ್ನು ಗುರುತಿಸಲಾರ, ಗುರುತಿಸಿದರೆ ಬಿಳಿಚಿಕೊಳ್ಳುತ್ತಾನೆ ಎಂದು ಎರಡೂ ಬಗೆಯಲ್ಲಿ ಈ ಗಳಿಗೆಯನ್ನು ಅವನು ಆಡಿ ನೋಡಿದ್ದ. ಎರಡೂ ಆಗಲಿಲ್ಲ.

"ಅರೇ, ಗಾಳೆಪ್ಪ ಅಲ್ಲೇನಲೇ! ಇಲ್ಲಿ ಸೇರ್ಕೊಂಡಿಯಾ? ಛಲೋ ಆತು ಬಿಡು." ಹೆಗಲ ಮೇಲೆ ಕೈ ಬಿತ್ತು. ದೂರ ನಿಂತಿದ್ದ ಆ ದಿನದ ಕೈ. "ನನ್ನ ಕನ್ನಡ ಸಭಾದಾಗ ನಡಿಯಂಗಿಲ್ಲೋ ಈಗ. ನೀ ನೋಡ್ಕ್ಯ."

"ಸರ್‌ಗೆ ನಮ್ಮ ಗಾಳೆಪ್ಪನ ಪರಿಚಯ ಐತೇನ್ರಿ?" ಪ್ರಿನ್ಸಿಪಾಲರು ಹಿಗ್ಗಿದರು.

"ನಮ್ಮಲ್ಲೇ ಸ್ವಲ್ಪ ದಿನ ಇದ್ದ."

ಸ್ವಲ್ಪ ದಿನ. ಹಾರ, ಸ್ವಾಗತ, ದೀಪ ಎಲ್ಲ ಮುಗಿಯುವ ತನಕ ಗಾಳೆಪ್ಪ ಆ ಎರಡು ಪದಗಳನ್ನು ಬಾಯಲ್ಲಿ ಕಲ್ಲುಸಕ್ಕರೆಯ ಹಾಗೆ ಇಟ್ಟುಕೊಂಡು ಕೂತಿದ್ದ. ಬಲಗಡೆ ಹೆಂಗಸರ ಸಾಲಿನಲ್ಲಿ ಅವ್ವ ಕುರ್ಚಿಯ ತುದಿಯಲ್ಲಿ ಕೂತು, ಮಗ ವೇದಿಕೆಯ ಮೇಲೆ ಇರುವುದನ್ನು ಪಕ್ಕದವಳಿಗೆ ತೋರಿಸುತ್ತಿದ್ದಳು.

ಉಪನ್ಯಾಸ ಸುರುವಾಯಿತು. ಸಣ್ಣ ಮಾಡಿಟ್ಟ ಮೈಕಿನಲ್ಲಿ ಚಿಗಟೇರಿಯ ಓಡುವ ಇಂಗ್ಲಿಷು ವೇದಿಕೆಯಾಚೆ ಬರೀ ಗೊಣಗಾಟವಾಗಿ ಮುಟ್ಟುತ್ತಿತ್ತು, ಮುಂದಿನ ಸಾಲಿನಲ್ಲಿ ಕೂತ ಪ್ರಿನ್ಸಿಪಾಲರೂ ಕನ್ನಡಕ್ಕೇ ಕಾಯುತ್ತಿದ್ದರು. ಸಭೆಯ ರೂಢಿಯಂತೆ ಅನುವಾದ ಮಾಡುವವನು ಭಾಷಣಕಾರನ 'ನಾನು'ವನ್ನು ತನ್ನ ಬಾಯಿಂದಲೂ 'ನಾನು' ಎಂದೇ ಹೇಳಬೇಕು. 'ನಾನು ಈ ಮಣ್ಣಿನ ಮಗ' ಎಂದು ಗಾಳೆಪ್ಪ ಹೇಳಿದ. 'ನಾನು ಈ ಸಂಶೋಧನೆಗೆ ನನ್ನ ಬದುಕನ್ನು ಕೊಟ್ಟಿದ್ದೇನೆ' ಎಂದ. ಚಪ್ಪಾಳೆ ಬಿದ್ದಾಗ, ಅದು ಯಾರಿಗೆಂದು ತಿಳಿದಿದ್ದೂ, ಮೈಯೊಳಗೆ ಏನೋ ಮಿಸುಕಾಡಿತು. ಪದರಗಳ ಮಾತು ಬಂದಾಗ ಅವನು ಇಂಗ್ಲಿಷನ್ನು ಬಿಟ್ಟು ತನ್ನದೇ ದಾರಿ ಹಿಡಿದ. ಬುಟ್ಟಿಯಲ್ಲಿ ಒಂದರ ಮೇಲೊಂದು ಒಟ್ಟಿದ ಖಡಕ್ ರೊಟ್ಟಿಗಳನ್ನು ನೆನೆಯಿರಿ. ಒಂದು ರೊಟ್ಟಿಯ ಚೂರು ಮುರಿದು ಬೇರೆ ಎರಡರ ನಡುವೆ ಸಿಕ್ಕಿಕೊಂಡರೆ ಒಟ್ಟಿಲು ಎತ್ತರವಾಗುತ್ತದೆ, ಮುರಿದ ರೊಟ್ಟಿಗೆ ತೂತು ಬೀಳುತ್ತದೆ. ಇಂಥ ಚೂರುಗಳು ಲೆಕ್ಕವಿಲ್ಲದಷ್ಟು ಆದರೆ? ಹೆಂಗಸರ ಕಡೆಯಿಂದ ನಗು ಬಂತು, ತಲೆಗಳು ಆಡಿದವು. ಚಿಗಟೇರಿ ಇಂಗ್ಲಿಷು ನಿಲ್ಲಿಸಿ ಅವನ ಕಡೆ ನೋಡಿದ, ಸಾಕು ಎನ್ನುವಂತೆ ಬೆರಳಾಡಿಸಿದ. ಮುಂದುವರಿದ.

ಈಗ ನಿಮಗೊಂದು ನಡೆದ ಕಥೆ ಹೇಳುತ್ತೇನೆ ಎಂದ ಚಿಗಟೇರಿ, ಇಂಗ್ಲಿಷಿನಲ್ಲಿ. ಒಂದು ದಿನ ಇಂಥದೇ ಒಂದು ಕಡ್ಡಿಯನ್ನು ಕಾಯಿಸುತ್ತಿದ್ದೆವು. ನನ್ನ ಕೈಕೆಳಗೆ ಒಬ್ಬ ಹುಡುಗ, ನಿಮ್ಮ ಕಡೆಯವನೇ, ಹೆಸರು ಬೇಡ. ಬೇಗ ಮನೆಗೆ ಹೋಗುವ ಆತುರಕ್ಕೆ ಕಾವು ಏರಿಸಿಬಿಟ್ಟ. ಕೊಳವೆ ಒಡೆಯಿತು. ನಾನು ಆ ದೂಳಿನೊಳಗೆ ಕೈ ಹಾಕಿ ಸ್ವಿಚ್ಚು ಆರಿಸದಿದ್ದರೆ ಇವತ್ತು ನಿಮ್ಮ ಮುಂದೆ ನಿಂತಿರುತ್ತಿರಲಿಲ್ಲ. 'ಹೆಸರು ಬೇಡ' ಎನ್ನುವಾಗ ಅವನು ಗಾಳೆಪ್ಪನ ಕಡೆ ತಿರುಗಿ ಸಣ್ಣಗೆ ನಕ್ಕ. ನಿನ್ನ ಮರ್ಯಾದೆ ಉಳಿಸಿದ್ದೇನೆ ಎನ್ನುವ ನಗು ಅದು. ದಾನ ಕೊಟ್ಟವನ ನಗು.

ಈಗ ಗಾಳೆಪ್ಪನ ಸರದಿ. ಎಲ್ಲರೂ ಅವನ ಕಡೆ ನೋಡುತ್ತಿದ್ದರು. ತನ್ನ ಅಪವಾದವನ್ನು ತಾನೇ, ತನ್ನ ವಿದ್ಯಾರ್ಥಿಗಳ ಮುಂದೆ, ತನ್ನ ಅವ್ವನ ಮುಂದೆ, ತಪ್ಪಿಲ್ಲದ ಕನ್ನಡದಲ್ಲಿ ಹೇಳಬೇಕು. ಮೈಕು ಕೆಟ್ಟಿತೆಂದು ಮಸ್ತಾನಸಾಬ ಆಂಪ್ಲಿಫೈಯರಿನ ತಲೆಗೆ ಎರಡು ಬಾರಿಸಿದ.

"ಒಂದು ದಿನ ಇಂಥದೇ ಕಡ್ಡಿಯನ್ನು ಕಾಯಿಸುತ್ತಿದ್ದೆವು" ಎಂದ ಗಾಳೆಪ್ಪ. ದನಿ ತನ್ನದಲ್ಲವೆಂಬಷ್ಟು ತಣ್ಣಗಿತ್ತು. "ನನ್ನ ಕೈಕೆಳಗೆ ಒಬ್ಬ ಹುಡುಗನಿದ್ದ, ನಿಮ್ಮ ಕಡೆಯವನೇ. ನಾನು ಆತುರಕ್ಕೆ ಬಿದ್ದು ಕಾವು ಏರಿಸಿದೆ. ನಿಧಾನ ಸರ್ ಎಂದ ಅವನು. ಸುಮ್ಮನಿರಲೇ ಎಂದೆ ನಾನು. ಕೊಳವೆ ಒಡೆಯಿತು. ನಾನು ಬಾಗಿಲಿಗೆ ಓಡಿದೆ. ದೂಳಿನೊಳಗೆ ಕೈ ಹಾಕಿ ಸ್ವಿಚ್ಚು ಆರಿಸಿದವನು ಆ ಹುಡುಗ. ತಪ್ಪನ್ನು ನಾನು ಅವನ ಮೇಲೆ ಹೊರಿಸಿದೆ. ಅವನ ಕೆಲಸ ಹೋಯಿತು."

ಹೇಳಿ ಮುಗಿಸಿ ಅವನು ಚಿಗಟೇರಿಯ ಮುಖವನ್ನು ನೋಡಿದ. ಇಷ್ಟು ವರ್ಷ ಅವನು ಬದುಕಿದ್ದೇ ಆ ಮುಖವನ್ನು ನೋಡಲಿಕ್ಕೆ. ಅದು ಬೂದಿಯಾಗಿತ್ತು. ಬಾಯಿ ಅರ್ಧ ತೆರೆದಿತ್ತು. ಆ ಬಾಯಿಂದ ಏನಾದರೂ ಹೊರಡುವ ಮುಂಚೆ ಹಾಲಿನ ಹಿಂದಿನ ಸಾಲಿನಿಂದ ಒಂದು ಚಪ್ಪಾಳೆ ಬಂತು. ಇನ್ನೊಂದು. ಆಮೇಲೆ ಇಡೀ ಹಾಲು. ಪ್ರಿನ್ಸಿಪಾಲರು ಎದ್ದು ಬಂದು ಚಿಗಟೇರಿಯ ಎರಡೂ ಕೈ ಹಿಡಿದುಕೊಂಡರು. "ಇಂಥಾ ಮಾತು ಹೇಳಾಕ ಭಾಳ ದೊಡ್ಡ ಮನಸು ಬೇಕ್ರೀ ಸರ್. ನಮ್ಮ ಹುಡುಗರು ಕಲೀಬೇಕ್ರೀ ನಿಮ್ಮನ್ನ ನೋಡಿ." ಅವರ ಕಣ್ಣಲ್ಲಿ ನೀರಿತ್ತು. ಬೂದಿಯಾಗಿದ್ದ ಮುಖಕ್ಕೆ ನೋಡನೋಡುತ್ತ ಬಣ್ಣ ಮರಳಿತು. ಚಿಗಟೇರಿ ಸಭೆಯ ಕಡೆ ನೋಡಿದ, ಗಾಳೆಪ್ಪನ ಕಡೆ ನೋಡಿದ, ಅರ್ಥಮಾಡಿಕೊಂಡ. ನಿಧಾನವಾಗಿ ಎರಡೂ ಕೈ ಜೋಡಿಸಿ ತಲೆ ಬಾಗಿಸಿದ. ಚಪ್ಪಾಳೆ ಇಮ್ಮಡಿಯಾಯಿತು. ಅವ್ವನೂ ಚಪ್ಪಾಳೆ ತಟ್ಟುತ್ತಿದ್ದಳು. ಗಾಳೆಪ್ಪ ತನ್ನ ಕೈಯಾರೆ ಹೆಣೆದ ಕುಣಿಕೆ ಚಿಗಟೇರಿಯ ಕೊರಳಲ್ಲಿ ಇನ್ನೊಂದು ಹಾರವಾಗಿ ತೂಗುತ್ತಿತ್ತು.

ಪ್ರಶ್ನೆಗಳಿದ್ದರೆ ಕೇಳಬಹುದು ಎಂದರು ಪ್ರಿನ್ಸಿಪಾಲರು. ಹುಡುಗರು ಒಬ್ಬರನ್ನೊಬ್ಬರು ತಿವಿದರೇ ಹೊರತು ಏಳಲಿಲ್ಲ. ಆಂಪ್ಲಿಫೈಯರಿನ ಹಿಂದಿನಿಂದ ಮಸ್ತಾನಸಾಬ ಕೈ ಎತ್ತಿದ.

"ನಂದೊಂದೈತ್ರಿ. ಆ ಹುಡುಗ ಈಗ ಎಲ್ಲಿ ಅದಾನ್ರಿ?"

ಗಾಳೆಪ್ಪ ಅದನ್ನು ಇಂಗ್ಲಿಷಿಗೆ ಮಾಡಿ ಹೇಳಿದ. ಬೇಕಿರಲಿಲ್ಲ, ಆದರೂ ಕೆಲಸ ಕೆಲಸವೇ. ಚಪ್ಪಾಳೆಯಲ್ಲಿ ಮಿಂದೆದ್ದಿದ್ದ ಚಿಗಟೇರಿ ಈಗ ನಿರಾಳವಾಗಿದ್ದ. ಅವನು ಎಲ್ಲೋ ಚೆನ್ನಾಗಿಯೇ ಇದ್ದಾನೆ ಎಂದ ಇಂಗ್ಲಿಷಿನಲ್ಲಿ. ಅವನಿಗೊಂದು ದಾರಿ ಮಾಡಿಕೊಟ್ಟವನೂ ನಾನೇ. ಹೇಳು ಎನ್ನುವಂತೆ ಗದ್ದ ಎತ್ತಿದ. ಚಿಗಟೇರಿ ಅದನ್ನು ಈಗಾಗಲೇ ನಂಬಿದ್ದಾನೆ ಎಂದು ಗಾಳೆಪ್ಪನಿಗೆ ಗೊತ್ತಾಯಿತು. ಇನ್ನು ಹರಪನಹಳ್ಳಿಯಲ್ಲಿ, ಹಡಗಲಿಯಲ್ಲಿ, ಬೊಂಬಾಯಿಯಲ್ಲಿ, ಹೋದಲ್ಲೆಲ್ಲ ಅವನು ಈ ಕಥೆಯನ್ನೇ ಹೇಳುತ್ತಾನೆ, ಕಣ್ಣು ಒದ್ದೆ ಮಾಡಿಕೊಂಡು, ತಪ್ಪೊಪ್ಪಿಕೊಂಡ ದೊಡ್ಡವನಾಗಿ.

"ಅವನು ಸತ್ತುಹೋದ" ಎಂದ ಗಾಳೆಪ್ಪ ಮೈಕಿನಲ್ಲಿ. "ಊರಿಗೆ ಹೋದಮೇಲೆ."

"ಏ, ಹಂಗಲ್ಲ..." ಎಂದ ಚಿಗಟೇರಿ. ಸಭೆಯಲ್ಲಿ ಅವನಾಡಿದ ಮೊದಲ ಕನ್ನಡ. ಪ್ರಿನ್ಸಿಪಾಲರು ಅವನ ಬೆನ್ನು ಸವರಿದರು. "ಸಮಾಧಾನ ಮಾಡ್ಕೋರ್ರಿ ಸರ್."

"ಹಂಗಲ್ಲ ಅಂದ್ರ ಹೆಂಗ್ರಿ?" ಮಸ್ತಾನಸಾಬ ಎದ್ದು ನಿಂತಿದ್ದ. "ಸತ್ತ ಮ್ಯಾಲೆ ಅವರ ಮನಿಗರ ಹೋಗಿ ಅವರವ್ವನ್ನ ಮಾತಾಡಿಸಿ ಬಂದ್ರೇನ್ರಿ?"

ಚಿಗಟೇರಿಯ ಕಣ್ಣು ಗಾಳೆಪ್ಪನ ಮೇಲಿತ್ತು. ಬದುಕಿದ್ದಾನೆ ಎನ್ನಬೇಕಾದರೆ ಬೆರಳು ತೋರಿಸಬೇಕು. ಬೆರಳು ತೋರಿಸಿದರೆ ಆ ತಪ್ಪೊಪ್ಪಿಗೆ ಯಾರದೆಂಬ ಪ್ರಶ್ನೆ ಏಳುತ್ತದೆ, ತೆಗೆದುಕೊಂಡ ಚಪ್ಪಾಳೆಯನ್ನು ವಾಪಸು ಕೊಡಬೇಕಾಗುತ್ತದೆ. ಆ ಕಣ್ಣು ಮೊದಲು ಗದರಿಸಿತು, ಆಮೇಲೆ ಕೇಳಿತು, ಕೊನೆಗೆ ಬೇಡಿತು. ಗಾಳೆಪ್ಪ ಕುತ್ತಿಗೆಯನ್ನು ತುಸು ಓರೆ ಮಾಡಿ, ಒಳ್ಳೆಯ ಅನುವಾದಕನೊಬ್ಬ ಮುಂದಿನ ವಾಕ್ಯಕ್ಕೆ ಕಾಯುವ ವಿನಯದಲ್ಲಿ ಕಾದ.

"ಇಲ್ಲ" ಎಂದ ಚಿಗಟೇರಿ, ಕನ್ನಡದಲ್ಲೇ.

"ಇಲ್ಲ" ಎಂದು ಗಾಳೆಪ್ಪ ತನ್ನ ಜೋರಿನ ಮೈಕಿನಲ್ಲಿ ಅದನ್ನು ಕನ್ನಡಕ್ಕೆ ಮಾಡಿದ.

"ಹೆತ್ತಾಕಿ ಮಾರಿ ನೋಡಾಕೂ ಹೋಗಿಲ್ಲಂತ" ಎಂದಿತು ಹೆಂಗಸರ ಕಡೆಯ ಒಂದು ದನಿ. ಯಾರೋ ಕುರ್ಚಿ ಸರಿಸಿ ಎದ್ದರು. ಅವರ ಹಿಂದೆ ಸಾಲು ಸಾಲೇ ಎದ್ದಿತು. ವಂದನಾರ್ಪಣೆ ಅರ್ಧ ಖಾಲಿಯಾದ ಹಾಲಿಗೆ ನಡೆಯಿತು. ಕಾರಿನ ತನಕ ಚಿಗಟೇರಿಯ ಜೊತೆ ಹೋದವರು ಪ್ರಿನ್ಸಿಪಾಲರೊಬ್ಬರೇ. ಕಾರಿನ ಬಾಗಿಲು ಮುಚ್ಚುವ ಸದ್ದನ್ನು ಗಾಳೆಪ್ಪ ವೇದಿಕೆಯ ಮೇಲೆ ನಿಂತೇ, ಕಣ್ಣು ಮುಚ್ಚಿ, ತುಂಬ ಹಸಿದವನು ಊಟದ ವಾಸನೆ ಎಳೆದುಕೊಳ್ಳುವ ಹಾಗೆ ಕೇಳಿಸಿಕೊಂಡ. ಇನ್ನು ಅವನು ಈ ಸೀಮೆಗೆ ಕಾಲಿಡಲಾರ. ಸುದ್ದಿ ಸಂಜೆಯೊಳಗೆ ಬಸ್ಸುಗಳ ಜೊತೆ ಚಿಗಟೇರಿ ಊರನ್ನೂ ಮುಟ್ಟುತ್ತದೆ.

ಬೇವಿನ ಮರದ ಕೆಳಗೆ ಅವ್ವ ಕಾಯುತ್ತಿದ್ದಳು. ಸೆರಗಿನಿಂದ ಮೂಗು ಒರೆಸಿಕೊಂಡು ಕಣ್ಣು ಕೆಂಪು ಮಾಡಿಕೊಂಡಿದ್ದಳು. ಇಬ್ಬರೂ ಮನೆಯ ಕಡೆ ನಡೆದರು.

"ಯಾವೂರಂತ ಆ ಹುಡುಗ?"

"ಗೊತ್ತಿಲ್ಲಬೇ."

"ಗೊತ್ತಿಲ್ಲಂದ್ರ? ನಮ್ಮ ಕಡಿಯೋನು ಅಂತ ನೀನೇ ಹೇಳಿದಿ. ನೀ ಇದ್ದಲ್ಲೇ ಇದ್ದಾನ, ನೀ ಮಾಡೋ ಕೆಲಸನೇ ಮಾಡ್ಯಾನ." ಅವಳು ನಿಂತಳು. "ಆ ದೊಡ್ಡ ಮನಷಾ ಹೋಗ್ಲಿಲ್ಲ, ಹಾಳಾಗಿ ಹೋಗ್ಲಿ. ನೀನು? ನೀನೂ ಹೋಗ್ಲಿಲ್ಲೇನು ಆಕೀನ ಮಾತಾಡಿಸಾಕ?"

ಗಾಳೆಪ್ಪ ರಸ್ತೆ ನೋಡಿದ. ಎದುರಿನ ಅಂಗಡಿಯವನು ಶಟರು ಎತ್ತುತ್ತಿದ್ದ.

"ಇಲ್ಲಬೇ."

"ಥೂ ನಿನ್ನ. ಓದಿದ್ದಕ್ಕ ಬೆಂಕಿ ಬೀಳ್ಲಿ." ಅವಳು ಅವನ ತೋಳು ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. "ಯಾವೂರು ಹೇಳು."

"ಇಟ್ಟಿಗಿ" ಎಂದುಬಿಟ್ಟ.

"ಹಡಗಲಿ ಕಡೆ ಇಟ್ಟಿಗೀನಾ?"

"ಹ್ಞೂಂ."

"ನಾಳಿ ನಾ ಭಟ್ಟಿಗೆ ಹೋಗಂಗಿಲ್ಲ. ನೀನೂ ರಜಾ ಹಾಕು. ಮೊದಲ್ನೇ ಬಸ್ಸಿಗೇ ಹೋಗಿ ಆಕಿ ಹತ್ರ ಒಂದು ಗಳಿಗಿ ಕುಂತು ಬರೂಣು. ಹೆಸರೇನು ಆಕೀದು? ಹೆಸರು ಕೇಳಿದ್ರ ಮನಿ ತೋರಸ್ತಾರ."

ಸುಳ್ಳೆಂದು ಹೇಳಲು ಅವನು ಬಾಯಿ ತೆರೆದ. ಹಾಗೆ ಹೇಳಿದರೆ ಸತ್ತವನು ಯಾರೆಂದೂ ಹೇಳಬೇಕಾಗಿತ್ತು. ಬೊಂಬಾಯಿಯಿಂದ ಅವನು ಯಾಕೆ ಬಂದನೆಂದೂ ಹೇಳಬೇಕಾಗಿತ್ತು.

"ಜೋಗಮ್ಮ" ಎಂದ.

ಹುಲುಗಮ್ಮ ತಲೆಯಾಡಿಸಿದಳು. ಮರೆಯಬಾರದೆಂದು ಆ ಹೆಸರನ್ನು ಬಾಯೊಳಗೇ ಹೇಳಿಕೊಳ್ಳುತ್ತ, ಅವನಿಗಿಂತ ನಾಲ್ಕು ಹೆಜ್ಜೆ ಮುಂದೆ, ಬೇಗ ಬೇಗ ನಡೆಯತೊಡಗಿದಳು. ಜೋಗಮ್ಮ. ಇಟ್ಟಿಗಿ ಜೋಗಮ್ಮ.